ಪಾರೀಸನ ವಿಮಾನಕ್ಕೆ ಊರಿನ ಗಾಳಿ

ಇಚಲಕರಂಜಿಯಲ್ಲಿ ಮಗ್ಗವಿಲ್ಲದ ಮನುಷ್ಯನನ್ನು ಜನ ಒಂದು ನಮೂನೆ ನೋಡುತ್ತಾರೆ. ಕಳ್ಳನನ್ನಾದರೂ ಕೂಡಿಸಿ ಚಹಾ ಕೊಟ್ಟಾರು, ಮಗ್ಗವಿಲ್ಲದವನ ಜೊತೆ ಏನು ಮಾತಾಡಬೇಕೆಂದು ಅವರಿಗೆ ತೋಚುವುದಿಲ್ಲ. ಆ ಊರಿನ ನಮ್ಮ ಶಹಾಪುರ ಭಾಗದ ಪಾರೀಸನ ಸ್ಥಿತಿ ಅದಕ್ಕಿಂತ ಕೆಟ್ಟದ್ದಾಗಿತ್ತು. ಮಗ್ಗ ಹಾಕಿಕೊಳ್ಳಲೆಂದು ಮಾವ ಅವನಿಗೆ ತಗಡಿನ ಮಾಡಿನ ದೊಡ್ಡ ಶೆಡ್ಡು ಕಟ್ಟಿಸಿಕೊಟ್ಟಿದ್ದರು. ಅವನು ಅದರೊಳಗೆ ವಿಮಾನ ಕಟ್ಟುತ್ತಿದ್ದ.

ಇದು ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಾನು ಪಾರೀಸನ ಪಕ್ಕದ ಮನೆಯವನು, ಶಾಲಾ ಮಾಸ್ತರ, ಜಿನಪಾಲ. ಈ ಪ್ರಕರಣದಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಹಿತ್ತಾಳೆ ಪಿಚಕಾರಿಯ ನಷ್ಟ. ಅದನ್ನು ಆಮೇಲೆ ಹೇಳುತ್ತೇನೆ.

ವಿಮಾನ ಹುಟ್ಟಿದ್ದು ಗಡಿಂಗ್ಲಜದ ಒಂದು ಮದುವೆ ಚಪ್ಪರದಲ್ಲಿ. ಪಾರೀಸನ ಮಾವ ತಾತ್ಯಾಸಾಹೇಬರು ಗಡಿಂಗ್ಲಜದ ದೊಡ್ಡ ಬೆಲ್ಲದ ವ್ಯಾಪಾರಿ. ಅವರಿಗೆ ಇಬ್ಬರು ಅಳಿಯಂದಿರು. ಹಿರಿಯ ಅಳಿಯ ಅಭಯಕುಮಾರ ಆ ಮದುವೆಗೆ ಕೊಲ್ಹಾಪುರದಿಂದ ಸ್ವಂತ ಮೋಟಾರಿನಲ್ಲಿ ಬಂದ. ಕಿರಿಯ ಅಳಿಯ ಪಾರೀಸ ಸೈಕಲ್ಲಿನ ಮೇಲೆ ಬಂದ. ತಾತ್ಯಾಸಾಹೇಬರು ಬೀಗರನ್ನೆಲ್ಲ ಕರೆದು ಮೋಟಾರು ತೋರಿಸುತ್ತಿದ್ದಾಗ, ಧೂಳು ಮೆತ್ತಿಕೊಂಡು ನಿಂತಿದ್ದ ಪಾರೀಸನನ್ನು ಯಾರೋ ಅಡುಗೆಯವರ ಕಡೆಯವನೆಂದು ತಿಳಿದು ಅವನ ಕೈಗೆ ತಾಟಿನ ರಾಶಿ ಕೊಟ್ಟರು. ತಾಟು ಹಿಡಿದುಕೊಂಡೇ ಪಾರೀಸ ದನಿ ಏರಿಸಿದ.

"ಮೋಟಾರ ಏನ್ ದೊಡ್ಡ ಮಾತ್ರೀ? ನೆಲದ ಮ್ಯಾಲೆ ಎತ್ತಿನ ಗಾಡಿನೂ ಓಡತೈತಿ. ನಾ ವಿಮಾನ ಕಟ್ಟಾಕತ್ತೇನಿ!"

ಆ ಹೊತ್ತಿನಲ್ಲಿ ಅವನ ಹತ್ತಿರ ವಿಮಾನದ ಒಂದು ಮೊಳೆಯೂ ಇರಲಿಲ್ಲ. ಆದರೆ ಬೀಗರ ಮುಂದೆ ಆಡಿದ ಮಾತು. ಕಟ್ಟಲೇಬೇಕಾಯಿತು. ಮುಂಬಯಿಯಿಂದ ಚಿತ್ರಗಳಿದ್ದ ಇಂಗ್ಲಿಷ್ ಪುಸ್ತಕ ಬಂತು, ಗುಜರಿಯಿಂದ ಮೋಟಾರ್ ಸೈಕಲ್ಲಿನ ಇಂಜಿನ್ ಬಂತು, ಊರಿನ ಮಗ್ಗದಿಂದಲೇ ಮಾಂಜರಪಾಟ ಬಟ್ಟೆ ಬಂತು. ಎಲ್ಲರಿಗೂ ಆಶ್ಚರ್ಯವಾಗುವಂತೆ, ಎಲ್ಲರಿಗಿಂತ ಹೆಚ್ಚಾಗಿ ಪಾರೀಸನಿಗೇ ಆಶ್ಚರ್ಯವಾಗುವಂತೆ, ಅದು ಕ್ರಮೇಣ ವಿಮಾನದ ಆಕಾರಕ್ಕೆ ಬಂತು.

ಹೋಳಿ ಹುಣ್ಣಿಮೆಗೆ ಮಗಳ ಮನೆಗೆ ಬಂದ ತಾತ್ಯಾಸಾಹೇಬರು ಶೆಡ್ಡಿನ ಬಾಗಿಲು ತೆಗೆದರು. ಒಳಗೆ ಮಗ್ಗವಿರಲಿಲ್ಲ. ಅವರು ವಿಮಾನದ ಸುತ್ತ ಒಂದು ಸುತ್ತು ಹಾಕಿದರು. ಅಳಿಯನಿಗೆ ಮರ್ಯಾದೆ ಕೊಡಬೇಕಾದ ಕಷ್ಟ ಅವರ ಮುಖದಲ್ಲಿ ಕಾಣುತ್ತಿತ್ತು.

"ಜಾವಯಬಾಪೂ," ಅಂದರು ಕಡೆಗೆ. "ಯುಗಾದಿ ಪಾಡವಾದ ದಿವಸ ಇದು ನೆಲಾ ಬಿಟ್ಟ ಏಳಬೇಕು. ಎದ್ದರ ಶೆಡ್ಡ ನಿಮ್ಮದು. ಏಳಲಿಲ್ಲಂದ್ರ ಮರುದಿವಸ ಇದು ದಾನೋಳಿಯೊಳಗ ನಮ್ಮ ಗಾಣದ ಒಲಿಗೆ ಕಟಗಿ. ಇಲ್ಲೆ ಮಗ್ಗ ಬರ್ತಾವ."

"ಆಗಲ್ರಿ ಮಾವಾರ," ಅಂದ ಪಾರೀಸ ಧೈರ್ಯವಾಗಿ. "ಎಲ್ಲಾ ಮುಗದೈತಿ. ಬಣ್ಣಾ ಹೊಡಿಯೂದ ಒಂದ ಉಳದೈತಿ."

ಬಣ್ಣ ಅಂದರೆ ಬಾಗಿಲಿಗೆ ಬಳಿಯುವ ಬಣ್ಣವಲ್ಲ. ಡೋಪ್ ಎಂಬ ಘಾಟು ವಾಸನೆಯ ದ್ರವ. ಅದನ್ನು ರೆಕ್ಕೆಯ ಬಟ್ಟೆಗೆ ತೆಳ್ಳಗೆ, ಸಮನಾಗಿ ಹೊಡೆಯಬೇಕು. ಒಣಗಿದಾಗ ಬಟ್ಟೆ ಬಿಗಿದು ಗಾಳಿ ದಾಟದಂತಾಗುತ್ತದೆ. ಬಿಗಿಯದಿದ್ದರೆ ವಿಮಾನ ಮೇಲೇಳುವ ಮಾತೇ ಇಲ್ಲ. ಪಾರೀಸ ಮೊದಲು ಕುಂಚದಿಂದ ಬಳಿದ. ಅರ್ಧ ಬಾಲದ ಮೇಲೆ ಡೋಪ್ ದಪ್ಪಗೆ ಕೂತಿತು, ಉಳಿದರ್ಧ ಜೋತುಬಿತ್ತು, ಕುಂಚದ ಕೂದಲೆಲ್ಲ ಬಟ್ಟೆಗೆ ಅಂಟಿ ಬಾಲಕ್ಕೆ ಗಡ್ಡ ಬಂದಂತಾಯಿತು. ಪುಸ್ತಕ ತಿರುವಿ ನೋಡಿದರೆ ಅದರಲ್ಲಿ ಮೊದಲೇ ಬರೆದಿತ್ತು: ಸಿಂಪಡಿಸಬೇಕು. ಪಾರೀಸ ಪುಸ್ತಕವನ್ನು ಯಾವಾಗಲೂ ಕೆಲಸ ಕೆಟ್ಟ ಮೇಲೆ ಓದುವವನು.

ಅಂದಿನಿಂದ ಸಿಂಪಡಿಸುವ ಸಾಧನದ ಶೋಧ ಶುರುವಾಯಿತು. ರಂಗಪಂಚಮಿಯ ಮರುದಿನ ಬಂದು ನನ್ನ ಹಿತ್ತಾಳೆ ಪಿಚಕಾರಿ ಕೇಳಿದ. ನನ್ನ ಅಜ್ಜನ ಕಾಲದ ಪಿಚಕಾರಿ, ಪಕ್ಕದವರೆಂದು ಕೊಟ್ಟೆ. ಅದರಿಂದ ಡೋಪ್ ಒಂದೇ ಧಾರೆಯಾಗಿ ಹಾರಿ ರೆಕ್ಕೆಯನ್ನು ಬಿಟ್ಟು ಗೋಡೆಗೆ ಬಿತ್ತು, ಗೋಡೆ ಚೆನ್ನಾಗಿ ಬಿಗಿಯಿತು. ಒಳಗೆ ಉಳಿದ ಡೋಪ್ ಒಣಗಿ ಪಿಚಕಾರಿ ಖಾಯಂ ಮುಚ್ಚಿಕೊಂಡಿತು. ಆಮೇಲೆ ಅವನು ಹೆಂಡತಿ ಮಾಣಿಕಬಾಯಿಯ ಮದುವೆಯ ಬೆಳ್ಳಿ ಗುಲಾಬದಾನಿಗೆ ಕೈ ಹಾಕಿದ. ಪನ್ನೀರು ಚಿಮುಕಿಸುವ ಆ ಸಣ್ಣ ಬೆಳ್ಳಿ ಸಾಮಾನಿನೊಳಗೆ ಡೋಪ್ ಹೊಯ್ಯುವ ಹೊತ್ತಿಗೆ ಆಕೆ ಬಾಗಿಲಲ್ಲಿ ನಿಂತಿದ್ದಳು.

"ಅದನ್ನ ಕೆಳಗ ಇಡ್ರಿ," ಅಂದಳು. ಅವನು ಇಟ್ಟ.

ಮೂರನೆಯ ಪ್ರಯತ್ನಕ್ಕೆ ಪಾರೀಸ ಕೊಲ್ಹಾಪುರಕ್ಕೆ ಹೋದ, ನನ್ನನ್ನೂ ಕರೆದುಕೊಂಡು. ಅಲ್ಲಿ ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ಓದುವವರ ಅನುಕೂಲಕ್ಕೆ ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಒಂದು ದೊಡ್ಡ ಅಂಗಡಿಯಲ್ಲಿ ಮಾಲಕ ತಗಡಿನ ಕೈಪಂಪು ತೆಗೆದು ಮುಂದಿಟ್ಟ.

"ಸೊಳ್ಳಿ, ತಗಣಿ, ಜಿರಳಿ, ಏನಿದ್ರೂ ಒಂದ ಫುಸ್, ಖಲಾಸ!"

ಪಾರೀಸ ಚಾಚಿದ ಕೈ ಹಿಂದೆಳೆದುಕೊಂಡ. ನಾವು ಜೈನರು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುತ್ತೇವೆ, ಸೋಸಿದ ಬಟ್ಟೆಗೆ ಅಂಟಿದ ಜೀವಕ್ಕೂ ನೋವಾಗಬಾರದೆಂದು ಅದನ್ನು ಮತ್ತೆ ಬಾವಿಯ ನೀರಿಗೆ ಬಿಡುತ್ತೇವೆ.

"ಇದು ಯಾವದರ ಜೀವಾ ತಗದೈತೇನ್ರಿ?" ಅಂತ ಕೇಳಿದ ಪಾರೀಸ.

"ಹೊಸಾದ್ರಿ ಸಾಹೇಬ್ರ. ಇನ್ನೂ ಒಂದ ಸೊಳ್ಳಿನೂ ಮುಟ್ಟಿಲ್ಲ."

"ಮುಟ್ಟಿಲ್ಲ ಖರೆ. ಆದ್ರ ಅದರ ಮನಸಿನ್ಯಾಗ ಐತೆಲ್ಲ?"

ಅಂಗಡಿಯವನು ಪಂಪನ್ನು ಎತ್ತಿ ಅದರ ಮನಸ್ಸು ಎಲ್ಲಿದೆಯೆಂದು ಹುಡುಕುತ್ತಿದ್ದಾಗ ನಾವು ಹೊರಬಿದ್ದೆವು. ಸಿನೆಮಾ ಕಂಪನಿಯೊಂದಕ್ಕೆ ಪರದೆ ಬರೆಯುವ ಒಬ್ಬ ಪೇಂಟರ್ ಕೊನೆಗೂ ಸಿಕ್ಕ. ಅವನ ಬಳಿ ನಿಜವಾದ ಸ್ಪ್ರೇ ಇತ್ತು: ಕೆಳಗೆ ಬಣ್ಣದ ಡಬ್ಬಿ, ಮೇಲೆ ಹಿತ್ತಾಳೆಯ ಮೂತಿ, ಹಿಂದೆ ಗಾಳಿಯ ನಳಿಗೆ. ಹಳೆಯದು, ಕೊಡಲು ಒಪ್ಪಿದ.

"ಬಾಯಿಗೆ ಬಟ್ಟಿ ಕಟ್ರಿ, ಇಲ್ಲಂದ್ರ ತಲಿ ತಿರಗತೈತಿ. ಬಣ್ಣಾ ಸೋಸ್ರಿ. ರೆಕ್ಕಿ ಮ್ಯಾಲಿನ ಧೂಳಾ ಭಾಳ ಮೆತ್ತಗಿಂದ ಏನರೆ ತಗೊಂಡ ಝಾಡಿಸ್ರಿ. ಬಾಗಲಾ ತಗೀಬ್ಯಾಡ್ರಿ. ಗಾಳಿ ಮಷೀನ ಮಾತ್ರ ಕಂಪನೀದು, ಅದು ಸಿಗಂಗಿಲ್ಲ."

"ಗಾಳಿಗೇನ್ ಬರಗಾಲೇನ್ರಿ?" ಅಂದ ಪಾರೀಸ. "ನಮ್ಮೂರಾಗ ಬೇಕಾದಷ್ಟ ಐತಿ."

ಮನೆಗೆ ಬಂದು ನೋಡಿದರೆ ಊರಿನ ಗಾಳಿ ನಳಿಗೆಯೊಳಗೆ ಹೋಗಲು ಒಪ್ಪಲಿಲ್ಲ. ಸೈಕಲ್ ಪಂಪು ಕಟ್ಟಿದ. ಬೆವರು ಇಳಿಯುವ ತನಕ ಒತ್ತಿದರೆ ಸ್ಪ್ರೇ ಒಂದು ಸೀನು ಸೀನುತ್ತಿತ್ತು, ಅಷ್ಟೇ. ಪಂಪು ಒತ್ತುವಾಗ ಸ್ಪ್ರೇ ಹಿಡಿಯಲು ಆಗದು, ಸ್ಪ್ರೇ ಹಿಡಿದರೆ ಪಂಪು ಒತ್ತಲು ಆಗದು. ಆದರೂ ಅವನು ಬಿಡಲಿಲ್ಲ. ಪಾಡವಾ ಹತ್ತಿರ ಬರುತ್ತಿತ್ತು, ದಾನೋಳಿಯ ಒಲೆ ಅವನ ಕಣ್ಣ ಮುಂದೆ ಉರಿಯುತ್ತಿತ್ತು.

ಈ ಹಂತದಲ್ಲಿ ಎದುರು ಮನೆಯ ಹೀರಾಬಾಯಿ ಶೆಡ್ಡಿನ ಕಿಟಕಿಯಲ್ಲಿ ಇಣುಕಿದಳು. ಆಕೆಯ ತಪ್ಪೆಂದು ನಾನು ಹೇಳಲಾರೆ. ಆಕೆ ಕಂಡದ್ದು ಇಷ್ಟು. ಪಾರೀಸ ಬರೀ ಲಂಗೋಟಿಯಲ್ಲಿ ನಿಂತಿದ್ದಾನೆ, ಯಾಕೆಂದರೆ ಡೋಪ್ ಬಿದ್ದ ಧೋತರ ರಟ್ಟಿನ ಹಾಗೆ ಬಿರುಸಾಗಿ ಮೂಲೆಯಲ್ಲಿ ತಾನೇ ನಿಂತಿತ್ತು. ಬಾಯಿಗೆ ಬಿಳಿ ಬಟ್ಟೆ. ಕೈಯಲ್ಲಿ ನವಿಲುಗರಿಯ ಕಟ್ಟು, ಯಾಕೆಂದರೆ ಅದಕ್ಕಿಂತ ಮೆತ್ತಗಿನದು ಅವನಿಗೆ ಸಿಕ್ಕಿರಲಿಲ್ಲ. ಅದರಿಂದ ಏನನ್ನೋ ಮೆಲ್ಲಗೆ ಝಾಡಿಸುತ್ತಿದ್ದಾನೆ. ಮಾತಿಲ್ಲ, ಕತೆಯಿಲ್ಲ. ಆಮೇಲೆ ಗರಿ ಕೆಳಗಿಟ್ಟು ಕೂತು, ಎರಡೂ ಕೈಯಿಂದ ತಲೆಯ ಕೂದಲನ್ನು ಹಿಡಿಹಿಡಿಯಾಗಿ ಕಿತ್ತು ಬಿಸಾಡುತ್ತಿದ್ದಾನೆ. ಸ್ಪ್ರೇ ಸೀನಿದ್ದು ಅವನ ತಲೆಯ ಮೇಲೆಯೇ, ಕೂದಲು ಗಂಟುಗಟ್ಟಿ ಕಿತ್ತರೆ ಮಾತ್ರ ಬರುವಂತಾಗಿತ್ತು.

ನಮ್ಮಲ್ಲಿ ಸಂಸಾರ ಬಿಟ್ಟು ದೀಕ್ಷೆ ತೆಗೆದುಕೊಳ್ಳುವವರು ಹೀಗೆಯೇ ಕೈಯಿಂದ ಕೇಶಲೋಚ ಮಾಡಿಕೊಳ್ಳುತ್ತಾರೆ. ನವಿಲುಗರಿಯ ಪಿಂಛಿ ಮುನಿಗಳ ಕೈಯಲ್ಲೇ ಇರುವುದು. ಹೀರಾಬಾಯಿ ಕಿಟಕಿಯಿಂದಲೇ ಕೈ ಮುಗಿದು ನನ್ನ ಮನೆಗೆ ಓಡಿಬಂದಳು.

"ಮಾಸ್ತರ, ನಿಮ್ಮ ಪಾರೀಸ ಹೋದ್ನರೀ!"

"ಎಲ್ಲಿ ಹೋದ?"

"ಸಂಸಾರಾ ಬಿಟ್ಟ ಹೋದ. ಶೆಡ್ಡಿನ್ಯಾಗ ಅದಾನ."

ನಾನು ವಿಮಾನ, ಬಣ್ಣ ಎಂದೆಲ್ಲ ಹೇಳಿದೆ. ಮಾಸ್ತರರ ಮಾತನ್ನು ಶಾಲೆಯಲ್ಲೇ ಯಾರೂ ಕೇಳುವುದಿಲ್ಲ, ಓಣಿಯಲ್ಲಿ ಕೇಳುತ್ತಾರೆಯೇ? ಅರ್ಧ ತಾಸಿನಲ್ಲಿ ಬಸ್ತಿಯ ಪಂಚರ ಹಿರಿಯರಾದ ಬಾಪೂಸಾಹೇಬರು ಜನರನ್ನು ಕಟ್ಟಿಕೊಂಡು ಬಂದರು. ಕಿಟಕಿಯಲ್ಲಿ ನೋಡಿ ಹುಬ್ಬು ಗಂಟಿಕ್ಕಿದರು.

"ಪಿಂಛಿ ನಮ್ಮ ಪದ್ಧತಿ. ಬಾಯಿಗೆ ಬಟ್ಟಿ ಶ್ವೇತಾಂಬರದಾಗಿನ ಒಂದ ಪಂಥದವರದು. ಎರಡೂ ಕೂಡಿಸ್ಯಾನಲ್ಲ?"

"ಅವ ಮೊದಲಿಂದೂ ಎಲ್ಲಾದರಾಗೂ ಗಡಬಡೀನ ಅದಾನ್ರೀ," ಅಂದಳು ಹೀರಾಬಾಯಿ. "ಮನಸ ಮಾತ್ರ ಶುದ್ಧ."

ಬಾಪೂಸಾಹೇಬರು ಕಿಟಕಿಯ ಸರಳು ಹಿಡಿದು ದೊಡ್ಡ ದನಿಯಲ್ಲಿ ಕೇಳಿದರು. "ಪಾರೀಸಾ, ಖರೇನ ಎಲ್ಲಾ ಬಿಟ್ಟಿಯೇನಪಾ? ಇನ್ನ ಎಲ್ಲಿಗಿ ನಿನ್ನ ದಾರಿ?"

ಪಾರೀಸನಿಗೆ ಇಷ್ಟು ಜನ ಒಮ್ಮೆಲೇ ಬಂದು ಧೂಳು ಎಬ್ಬಿಸಿದ್ದೇ ತಲೆನೋವು. ಬಾಯಿಯ ಬಟ್ಟೆ ಬಿಚ್ಚಿದರೆ ಘಾಟು. ಅವನು ಮಾಡಿನ ಕಡೆ ಬೆರಳು ತೋರಿಸಿದ. ಅಲ್ಲಿಂದ ಧೂಳು ಉದುರುತ್ತದೆ, ಕೂಗಬೇಡಿ ಎಂದು ಅದರ ಅರ್ಥ.

"ಮ್ಯಾಲೆ!" ಅಂದರು ಬಾಪೂಸಾಹೇಬರು ಗದ್ಗದವಾಗಿ. "ಸಿದ್ಧಶಿಲೆಗೆ, ಮೋಕ್ಷಕ್ಕ ಹೊಂಟಾನ."

ಅಲ್ಲಿಂದ ಎಲ್ಲವೂ ಕೈ ಮೀರಿತು. ಪಾಡವಾದ ಹಿಂದಿನ ದಿನ ಮೆರವಣಿಗೆ ಎಂದು ನಿಶ್ಚಯವಾಯಿತು, ಬ್ಯಾಂಡಿನವರಿಗೆ ಹೇಳಿಕಳಿಸಿದರು, ಬಾಪೂಸಾಹೇಬರು ಪೊಲೀಸ್ ಫೌಜದಾರರಿಂದ ಪರವಾನಗಿ ತಂದರು. ಈ ನಡುವೆ ಪಾರೀಸ ಶೆಡ್ಡು ಬಿಟ್ಟು ಕದಲಲಿಲ್ಲ. ಹೆಂಗಸರು ಬಾಗಿಲ ಮುಂದೆ ಹಾಡಲು ಕೂತರು. ಒಳಗೆ ಅವನು ಕಿವಿಗೆ ಹತ್ತಿ ಇಟ್ಟುಕೊಂಡು ಪಂಪು ಒತ್ತುತ್ತಿದ್ದ. ಆ ಫುಸ್ ಫುಸ್ ಸದ್ದನ್ನು ಜನ ಪ್ರಾಣಾಯಾಮವೆಂದು ತಿಳಿದರು.

ಮಾಣಿಕಬಾಯಿ ಮೊದಲು ನಂಬಲಿಲ್ಲ. "ಮುಂಜಾನೆ ಎರಡ ಹೋಳಿಗಿ ಹೆಚ್ಚಿಗಿ ಕೇಳಿ ತಿಂದಾರ. ಅವರೇನ್ ಸಂಸಾರಾ ಬಿಡತಾರ್ರೀ?" ಅಂದಳು. ಆದರೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಆಕೆಯ ಕಾಲಿಗೆ ಬೀಳತೊಡಗಿದಾಗ ಹೆದರಿಕೆ ಹುಟ್ಟಿತು. ಊಟದ ಡಬ್ಬಿ ಒಯ್ದು ಬಾಗಿಲು ಬಡಿದರೆ ಒಳಗಿನಿಂದ ಉತ್ತರವಿಲ್ಲ. ಗಂಡ ಗಂಟೆಗಟ್ಟಲೆ ಆಕಾಶ ನೋಡುತ್ತಿದ್ದದ್ದು ನೆನಪಾಯಿತು, ಮಗ್ಗದ ಮಾತು ತೆಗೆದರೆ ಎದ್ದು ಹೋಗುತ್ತಿದ್ದದ್ದು ನೆನಪಾಯಿತು. ಆಕೆ ಅಡುಗೆಮನೆಯಲ್ಲಿ ಕೂತು ಅತ್ತಳು. ಗಡಿಂಗ್ಲಜದ ಬಸ್ಸಿನವನ ಕೈಯಲ್ಲಿ ಅಪ್ಪನಿಗೆ ಮಾತು ಕಳಿಸಿದಳು.

ಮೆರವಣಿಗೆಯ ದಿನ ಮುಂಜಾನೆ ಬ್ಯಾಂಡು, ಫೌಜದಾರ, ಆರತಿ ತಟ್ಟೆ ಎಲ್ಲ ಶೆಡ್ಡಿನ ಮುಂದೆ ಸೇರಿದ್ದಾಗ ಅಭಯಕುಮಾರನ ಮೋಟಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ತಾತ್ಯಾಸಾಹೇಬರು ತಲೆಗೆ ರುಮಾಲು ಇಲ್ಲದೆ ಇಳಿದರು. ಅವರನ್ನು ರುಮಾಲಿಲ್ಲದೆ ನೋಡಿದವರು ಕೊಲ್ಹಾಪುರ ಸಂಸ್ಥಾನದಲ್ಲೇ ಇರಲಿಲ್ಲ. ಅವರು ಎರಡೂ ಕೈಯಿಂದ ಬಾಗಿಲು ಬಡಿದರು. ಬಡಿತಕ್ಕೆ ಮಾಡಿನ ಧೂಳೆಲ್ಲ ಉದುರಿರಬೇಕು, ಪಾರೀಸ ಸಿಟ್ಟಿನಿಂದ ಬಾಗಿಲು ತೆಗೆದ. ಲಂಗೋಟಿ, ಬಾಯಿಗೆ ಬಟ್ಟೆ, ಅಲ್ಲಲ್ಲಿ ಬೋಳಾದ ತಲೆ. ಬ್ಯಾಂಡು ಬಾರಿಸತೊಡಗಿತು, ಜನ ಜಯಘೋಷ ಮಾಡಿದರು.

ಬೆಲ್ಲದ ಪೇಟೆಯನ್ನೇ ನಡುಗಿಸುತ್ತಿದ್ದ ತಾತ್ಯಾಸಾಹೇಬರ ದನಿ ಒಡೆಯಿತು.

"ಜಾವಯಬಾಪೂ, ತಪ್ಪಾತು. ಮಗ್ಗದ ಮಾತ ನಾ ಆಡಬಾರದಾಗಿತ್ತು. ವಿಮಾನಾರೆ ಕಟ್ರಿ, ಹಡಗಾರೆ ಕಟ್ರಿ. ನನ್ನ ಮಗಳ ಕೈ ಮಾತ್ರ ಬಿಡಬ್ಯಾಡ್ರಿ!"

ಪಾರೀಸ ಅವರನ್ನು ನೋಡಿದ, ಅವರ ಹಿಂದಿನ ಜನವನ್ನು ನೋಡಿದ, ಜನರ ಅಷ್ಟೊಂದು ಕೈಗಳನ್ನು ನೋಡಿದ. ಆಮೇಲೆ ಬಾಯಿಯ ಬಟ್ಟೆ ಬಿಚ್ಚಿದ. ಬ್ಯಾಂಡು ನಿಂತಿತು. ಊರು ಉಸಿರು ಹಿಡಿದು ಅವನ ಮೊದಲ ಉಪದೇಶಕ್ಕೆ ಕಾದಿತು.

"ಮಾವಾರ," ಅಂದ ಪಾರೀಸ, "ಸ್ವಲ್ಪ ಪಂಪ ಹೊಡಿತೀರೇನ್ರಿ?"

ಅದಾದ ಮೇಲಿನ ಗದ್ದಲವನ್ನು ನಾನು ವರ್ಣಿಸಲಾರೆ. ದೀಕ್ಷೆ ಇಲ್ಲವೆಂದು ತಿಳಿದ ಕೂಡಲೇ ಬಾಪೂಸಾಹೇಬರು ಸಮಾಜಕ್ಕೆ ಅವಮಾನವಾಯಿತೆಂದು ಕೂಗಿದರು. ಹೀರಾಬಾಯಿ, ತಾನು ಕಿಟಕಿಯಲ್ಲಿ ಕೈ ಮುಗಿದದ್ದನ್ನು ವಾಪಸು ಕೊಡಬೇಕೆಂದಳು. ಅಭಯಕುಮಾರ ಮೋಟಾರಿಗೆ ಒರಗಿ ನಕ್ಕ. ತಾತ್ಯಾಸಾಹೇಬರಿಗೆ ಅಳು ನಿಂತ ಜಾಗದಲ್ಲಿ ಸಿಟ್ಟು ಬಂತು, ಅದೂ ನಾಲ್ಕು ಪಾಲು.

"ನಾಳೆ ಪಾಡವಾ! ಕಬೂಲಾದ ಮಾತ ಅಂದ್ರ ಮಾತ. ನಾಳೆ ಇದು ಏಳಲಿಲ್ಲ, ನಾನ ನಿಂತ ಒಲಿಗೆ ಹಾಕಸ್ತೇನಿ!"

ಪಾರೀಸನ ಮುಖ ಸಣ್ಣದಾಯಿತು. ರೆಕ್ಕೆಯಲ್ಲಿ ಒಂದು ಮೊಳ ಜಾಗವೂ ಬಿಗಿದಿರಲಿಲ್ಲ. ಅವನು ತಲೆ ತಗ್ಗಿಸಿ ನವಿಲುಗರಿಯನ್ನು ಸುಮ್ಮನೆ ಸವರುತ್ತ ನಿಂತದ್ದನ್ನು ಕಂಡು ನನಗೆ, ಪಿಚಕಾರಿ ಕಳೆದುಕೊಂಡ ನನಗೂ, ನಿಜವಾಗಿ ಸಂಕಟವಾಯಿತು.

ಆಗ ಮಾಣಿಕಬಾಯಿ ಸೀರೆಯ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಅತ್ತು ಕೆಂಪಾದ ಕಣ್ಣು ಹಾಗೆಯೇ ಇದ್ದವು.

"ಸಂಸಾರಾ ಬಿಡತಾರ ಅಂತ ನನ್ನ ಅಳಸಾಕ ಎಲ್ಲಾರೂ ಬಂದ್ರಿ. ಇನ್ನ ಯಾರೂ ಪಂಪ ಹೊಡೀದ ಮನಿಗೆ ಹೋಗಂಗಿಲ್ಲ!" ಅಂದಳು. ಗಂಡನ ಕಡೆ ತಿರುಗಿದಳು. "ನೀರ ಹಂಡೇದಾಗ ತುಂಬಿ ಇಡತೇವಲ್ಲ, ಹಂಗ ಗಾಳಿ ತುಂಬಿ ಇಡಾಕ ಬರಂಗಿಲ್ಲೇನ್ರಿ?"

"ಬರತೈತಿ," ಅಂದ ಪಾರೀಸ. "ಆದ್ರ ಹಂಡೆ ಎಲ್ಲಿಂದ ತರೂದು?"

ಆಕೆಯ ಕಣ್ಣು ಓಣಿಯಲ್ಲಿ ಸುತ್ತಾಡಿ ಅಭಯಕುಮಾರನ ಮೋಟಾರಿನ ಬೆನ್ನ ಮೇಲೆ ನಿಂತಿತು. ಅಲ್ಲಿ ಹೆಚ್ಚಿನ ಚಕ್ರ ಒಂದಿತ್ತು. ಅಭಯಕುಮಾರನ ನಗು ನಿಂತಿತು.

"ಅಕ್ಕಾರ ಗಂಡ ಅದಾರ, ಇಲ್ಲ ಅನ್ನಂಗಿಲ್ಲ," ಅಂದಳು ಮಾಣಿಕಬಾಯಿ. ಅವನು ಏನೆನ್ನಬೇಕೆಂದು ಯೋಚಿಸುವಷ್ಟರಲ್ಲಿ ಚಕ್ರ ಕೆಳಗಿತ್ತು, ಟ್ಯೂಬು ಹೊರಗಿತ್ತು. ಸೈಕಲ್ ಅಂಗಡಿಯ ಬಾಳಗೊಂಡ ಆ ಟ್ಯೂಬಿಗೆ ಮತ್ತೆ ನಾಲ್ಕು ಬಾಯಿ ಅಂಟಿಸಿದ. ಒಂದಕ್ಕೆ ಸ್ಪ್ರೇ, ಉಳಿದವಕ್ಕೆ ಪಂಪು. ನೇಕಾರರ ಊರಲ್ಲಿ ಸೈಕಲ್ ಪಂಪಿಗೆ ಏನು ಕೊರತೆ!

ಮೊದಲು ಮಾಣಿಕಬಾಯಿ ಒತ್ತಿದಳು. ಮಗಳು ಬೆವರುವುದನ್ನು ನೋಡಲಾರದೆ ತಾತ್ಯಾಸಾಹೇಬರು ಗೊಣಗುತ್ತಲೇ ಪಂಪು ಕಸಿದುಕೊಂಡರು. ಬಾಪೂಸಾಹೇಬರು ದೂರ ನಿಂತು ಸ್ವಲ್ಪ ಹೊತ್ತು ನೋಡಿದರು.

"ಗಡಿಂಗ್ಲಜದಾವ್ರ ನಮ್ಮೂರಿಗೆ ಬಂದ ಗಾಳಿ ಹೊಡಿಯೂದಂದ್ರೇನು?" ಎಂದವರೇ ಕೋಟು ಕಳಚಿದರು. ಹೀರಾಬಾಯಿ ಬಳೆ ಹಿಂದೆ ಸರಿಸಿದಳು. ಬ್ಯಾಂಡಿನವರು ಒತ್ತುವವರ ತಾಳಕ್ಕೆ ಬಾರಿಸತೊಡಗಿದರು, ಆಮೇಲೆ ಜನ ಅವರ ತಾಳಕ್ಕೆ ಒತ್ತತೊಡಗಿದರು. ಟ್ಯೂಬು ಉಬ್ಬಿ ಬಿಗಿಯಿತು.

ಪಾರೀಸ ಮತ್ತೆ ಬಾಯಿಗೆ ಬಟ್ಟೆ ಕಟ್ಟಿ ಸ್ಪ್ರೇ ಅದುಮಿದ. ಈ ಸಲ ಅದು ಸೀನಲಿಲ್ಲ. ಅರಿಶಿನ ಬಣ್ಣದ ಡೋಪ್ ಮುಂಜಾವಿನ ಇಬ್ಬನಿಯಷ್ಟು ಸಣ್ಣಗೆ ಹೊರಬಂದು ರೆಕ್ಕೆಯ ಮೇಲೆ ಕೂತಿತು. ಒಂದು ಗೆರೆಯಿಲ್ಲ, ಒಂದು ಹನಿಯಿಲ್ಲ. ಕಿಟಕಿಯಲ್ಲಿ ನೋಡುತ್ತಿದ್ದವರು ಪಂಪಿನಿಂದ ಕೈ ತೆಗೆಯುವುದನ್ನೇ ಮರೆತು ಒತ್ತಿದರು. ಹೊತ್ತು ಮುಳುಗುವ ಮುಂಚೆ, ಜೈನರ ಮನೆಯಲ್ಲಿ ಊಟದ ಹೊತ್ತು ತಪ್ಪುವ ಮುಂಚೆ, ಎಲ್ಲ ಮುಗಿದಿತ್ತು. ಬಾಪೂಸಾಹೇಬರು ಒಣಗಿದ ರೆಕ್ಕೆಗೆ ಬೆರಳಿನಿಂದ ತಟ್ಟಿದರು. ಅದು ಮೃದಂಗದ ಹಾಗೆ ನುಡಿಯಿತು. ಅವರು ಇನ್ನೊಮ್ಮೆ ತಟ್ಟಿದರು.

ಮರುದಿನ ಪಾಡವಾ. ವಿಮಾನವನ್ನು ದತ್ತವಾಡದ ಹತ್ತಿರ ಕುರುಬರ ಮಲ್ಲಾರಿಯ ಹೊಲಕ್ಕೆ ಒಯ್ಯಬೇಕಿತ್ತು. ಅವನ ಕುರಿಗಳು ಆ ಹೊಲವನ್ನು ಮೇಯ್ದು ನುಣ್ಣಗೆ ಮಾಡಿದ್ದವು. ಓಣಿಯ ತುದಿಯಲ್ಲಿ ಫೌಜದಾರರು ಕೈ ಅಡ್ಡ ಹಿಡಿದರು.

"ಹೇ ಚಾಲಣಾರ ನಾಹೀ! ಇದು ನಡಿಯಂಗಿಲ್ಲ! ಪರವಾನಗಿ ದೀಕ್ಷಾ ಮೆರವಣಿಗಿದು, ಅದೂ ನಿನ್ನೇದು. ವಿಮಾನದ್ದಲ್ಲ."

"ಫೌಜದಾರ ಸಾಹೇಬ, ಮೆರವಣಿಗಿ ನಿನ್ನೆ ಹೊಂಟಿತ್ತು," ಅಂದರು ಬಾಪೂಸಾಹೇಬರು. "ಇಂದ ಈ ಓಣಿಗಿ ಬಂದ ಮುಟ್ಟೇತಿ. ನಮ್ಮ ಮಂದಿ ಸಾವಕಾಶ ನಡೀತಾರ."

ಫೌಜದಾರರು ಈ ಮಾತಿನಲ್ಲಿ ತಪ್ಪು ಹುಡುಕುತ್ತಿದ್ದಾಗ ವಿಮಾನ ಅವರನ್ನು ದಾಟಿ ಹೋಯಿತು. ಸ್ವಲ್ಪ ಹೊತ್ತಿಗೆ ಅವರೂ ಹಿಂದೆ ಬಂದರು.

ಹೊಲದಲ್ಲಿ ಪಾರೀಸ ಬೋಳಾದ ತಲೆಗೆ ಮಾವ ಹಬ್ಬಕ್ಕೆಂದು ಕೊಂಡ ಹೊಸ ರುಮಾಲು ಸುತ್ತಿಕೊಂಡು ಏರಿ ಕೂತ. ಮಾಣಿಕಬಾಯಿ ಆರತಿ ಮಾಡಿ, ಯಾರಿಗೂ ಕೇಳದಂತೆ ಏನೋ ಹೇಳಿದಳು. ಇಂಜಿನ್ ಕೆಮ್ಮಿತು, ಹೊತ್ತಿತು. ಅರಿಶಿನ ಬಣ್ಣದ ಆ ಸಾಮಾನು ಕುಪ್ಪಳಿಸುತ್ತ ಓಡಿತು. ಅರ್ಧ ಹೊಲ ದಾಟಿದರೂ ಏಳಲಿಲ್ಲ. ಮುಂದೆ ಕಬ್ಬು. ಅಭಯಕುಮಾರ ಮೀಸೆಯೊಳಗೇ ನಗತೊಡಗಿದ. ಮಾಣಿಕಬಾಯಿ ನನ್ನ ಹೆಂಡತಿಯ ಕೈಯನ್ನು ಮುರಿಯುವ ಹಾಗೆ ಹಿಡಿದಳು.

ಆಮೇಲೆ ಚಕ್ರದ ಕೆಳಗೆ ಬೆಳಕು ಕಂಡಿತು. ಒಂದು ಗೇಣು, ಒಂದು ಮೊಳ, ಒಬ್ಬ ಆಳಿನೆತ್ತರ. ಕಬ್ಬಿನ ಸೂಲಂಗಿ ಹೂವಿನ ಮೇಲೆ ಪಾರೀಸ ಹಾರಿಹೋದ! ಮಲ್ಲಾರಿಯ ಕುರಿಗಳು ದಿಕ್ಕಾಪಾಲಾದವು. ಅವನು ಬೇವಿನ ಮರವನ್ನು ಸುತ್ತಿಕೊಂಡು ತಿರುಗಿ ನಮ್ಮ ತಲೆಯ ಮೇಲೆಯೇ ಬಂದ. ಬಿಸಿಲು ಆ ಬಿಗಿದ ರೆಕ್ಕೆಯನ್ನು ತೂರಿ ನಮ್ಮೆಲ್ಲರ ಮುಖಕ್ಕೆ ಅರಿಶಿನ ಬಳಿಯಿತು.

"ನನ್ನ ಗಾಳಿ!" ಎಂದು ಕೂಗಿದರು ತಾತ್ಯಾಸಾಹೇಬರು, ಮಕ್ಕಳ ಹಾಗೆ ಕುಣಿಯುತ್ತ. "ಅದರಾಗ ನನ್ನ ಗಾಳಿ ಐತಿ!"

"ನಿಮ್ಮದ ಬರೇ ಬಾಲಕ್ಕ ಹೋತರೀ," ಅಂದರು ಬಾಪೂಸಾಹೇಬರು. "ರೆಕ್ಕೀದು ನಂದು."

ಹೊಡೆದ ಬಣ್ಣದಲ್ಲಿ ಗಾಳಿ ಉಳಿಯುವುದಿಲ್ಲವೆಂದು ನಾನು ವಿಜ್ಞಾನದ ನಾಲ್ಕು ಮಾತು ಹೇಳಹೋದೆ. ಹೀರಾಬಾಯಿ ನನ್ನನ್ನು ಪಕ್ಕಕ್ಕೆ ತಳ್ಳಿದಳು. ವಿಮಾನ ಹೊಲದ ಆಚೆ ಅಂಚಿಗೆ ಇಳಿದು, ಹುಲ್ಲಿನ ಬಣವೆಗೆ ಮೂಗು ತಾಗಿಸಿ ನಿಂತಿತು. ತಾತ್ಯಾಸಾಹೇಬರು ಓಡಿಹೋಗಿ ಅಳಿಯನನ್ನು ಅಪ್ಪಿಕೊಂಡರು, ಎಲ್ಲರ ಎದುರಿಗೇ.

"ಶೆಡ್ಡ ನಿಮ್ಮದು," ಅಂದರು. "ಮುಂದಿನ ಸಲಾ ಇಬ್ಬರು ಕೂಡೂವಂಗ ಕಟ್ರಿ. ನಾನೂ ಬರ್ತೇನಿ."

ಬ್ಯಾಂಡು ಮುಂದೆ, ವಿಮಾನ ನಡುವೆ, ಮಲ್ಲಾರಿಯ ಬಂಡಿಯಲ್ಲಿ ತಾತ್ಯಾಸಾಹೇಬರು ಮಗಳ ಪಕ್ಕ. ಹೀಗೆ ಮೆರವಣಿಗೆ ಊರಿಗೆ ಹೊರಟಾಗ ಅಭಯಕುಮಾರನ ಮೋಟಾರು ಹೊಲದ ಜಾಲಿಮುಳ್ಳಿನ ಮೇಲೆ ಹಾಯ್ದು ಒಂದು ಚಕ್ರ ಫುಸ್ ಎಂದಿತು. ಅವನು ಇಳಿದು ಮೋಟಾರಿನ ಬೆನ್ನು ನೋಡಿದ. ಅಲ್ಲಿ ಹೆಚ್ಚಿನ ಚಕ್ರವಿರಲಿಲ್ಲ. ಅದರ ಟ್ಯೂಬಿಗೆ ಆಗಲೇ ಐದು ಬಾಯಿ.

ಪಾರೀಸ ಮೆರವಣಿಗೆ ನಿಲ್ಲಿಸಿ, ಹೊಲಕ್ಕೆ ತಂದಿದ್ದ ತನ್ನ ಸೈಕಲ್ಲನ್ನು ತಾನೇ ತಳ್ಳಿಕೊಂಡು ಅವನ ಹತ್ತಿರ ಹೋದ. ಗಡಿಂಗ್ಲಜದ ಮದುವೆಗೆ ಹೋಗಿದ್ದ ಅದೇ ಸೈಕಲ್ಲು.

"ತಗೋರಿ ದಾಜೀ," ಅಂದ ಹಿರಿಯ ಷಡ್ಡಕನಿಗೆ, ಬಹಳ ವಿನಯದಿಂದ. "ಗಾಳಿ ಭರ್ತಿ ಐತಿ."

ಅಭಯಕುಮಾರ ಧೋತರ ಎತ್ತಿ ಕಟ್ಟಿ ಸೈಕಲ್ಲು ಹತ್ತಿದ. ಊರು ಮುಟ್ಟುವ ತನಕ ಅವನು ಆ ಮೆರವಣಿಗೆಯ ಕಟ್ಟಕಡೆಯಲ್ಲಿ, ಬ್ಯಾಂಡಿನ ತಾಳಕ್ಕೆ ಪೆಡಲು ತುಳಿಯುತ್ತ ಬಂದ.